ಸೋಸೆಕಿಯನ್ನು ಓದುವ ಕ್ರಮ: ದಿನಕ್ಕೆ ಐದು ಕಂತು

ಜಪಾನಿನ ಕಾದಂಬರಿಕಾರ ನತ್ಸುಮೆ ಸೋಸೆಕಿಯ ಪುಸ್ತಕ ಹಿಡಿದವರು ಅರ್ಧಕ್ಕೇ ಕೈಬಿಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಶುರು ಮಾಡಿದ ಪುಸ್ತಕ ತಪ್ಪಾಗಿರುತ್ತದೆ, ಇಲ್ಲವೇ ಓದುವ ವೇಗ ತಪ್ಪಾಗಿರುತ್ತದೆ. ಎರಡನೆಯದನ್ನು ಮೊದಲು ಸರಿಮಾಡಿಕೊಳ್ಳೋಣ. 1907ರಲ್ಲಿ ಅಸಾಹಿ ಪತ್ರಿಕೆಗೆ ಸೇರಿದ ಮೇಲೆ ಸೋಸೆಕಿಯ ಕಾದಂಬರಿಗಳು ಬಂದದ್ದು ದಿನಪತ್ರಿಕೆಯಲ್ಲಿ, ದಿನಕ್ಕೊಂದು ಕಂತಿನಂತೆ. ಒಂದು ಕಂತೆಂದರೆ ಅನುವಾದದಲ್ಲಿ ಎರಡು ಎರಡೂವರೆ ಪುಟ, ಅಷ್ಟೆ. ಎಷ್ಟೋ ಕಂತುಗಳು ಅರ್ಧ ಆಡಿದ ಮಾತಿನಲ್ಲೋ, ಯಾರೋ ಉತ್ತರ ಕೊಡದೆ ಎದ್ದುಹೋಗುವಲ್ಲೋ ನಿಲ್ಲುತ್ತವೆ. ಒಂದೇ ರಾತ್ರಿ ನಲವತ್ತು ಕಂತು ಓದಿದರೆ ಆ ನಿಲುಗಡೆಗಳೆಲ್ಲ ಅಳಿಸಿಹೋಗಿ, ‘ಇವರು ಹೇಳಿದ್ದನ್ನೇ ಹೇಳುತ್ತಿದ್ದಾರೆ’ ಅನ್ನಿಸತೊಡಗುತ್ತದೆ. ಅವನ ‘ಕೊಕೊರೊ’ ಕಾದಂಬರಿ ಒಟ್ಟು 110 ಕಂತು. ದಿನಕ್ಕೆ ಐದರಂತೆ ಓದಿದರೆ 22 ದಿನ. ಹತ್ತು ಮೀರಬೇಡಿ.

ಓದಲು ಕೂರುವ ಮುಂಚೆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮೂರು ಸಂಗತಿ ಬರೆದಿಟ್ಟುಕೊಳ್ಳಿ: ಹೆಸರು, ಇಸವಿ, ಹಣ.

ನತ್ಸುಮೆ ಮನೆತನದ ಹೆಸರು. ಹುಟ್ಟುಹೆಸರು ಕಿನ್ನೊಸುಕೆ. ಸೋಸೆಕಿ ಕಾವ್ಯನಾಮ. ಗ್ರಂಥಾಲಯದಲ್ಲಿ ಹುಡುಕಬೇಕಾದ್ದು ‘ನ’ ಅಕ್ಷರದಲ್ಲಿ, ಆದರೆ ಜಪಾನಿನಲ್ಲಿ ಯಾರೂ ಬರೀ ನತ್ಸುಮೆ ಎನ್ನುವುದಿಲ್ಲ, ಸೋಸೆಕಿ ಎಂದೇ ಕರೆಯುತ್ತಾರೆ. ಆ ಪದದ ಅರ್ಥ ‘ಕಲ್ಲಿನಿಂದ ಬಾಯಿ ಮುಕ್ಕಳಿಸುವುದು’. ಹಳೆಯ ಚೀನೀ ಕತೆಯೊಂದರಲ್ಲಿ ಒಬ್ಬ ‘ಕಲ್ಲನ್ನು ದಿಂಬು ಮಾಡಿಕೊಂಡು ಹೊಳೆಯಲ್ಲಿ ಬಾಯಿ ಮುಕ್ಕಳಿಸುತ್ತೇನೆ’ ಎನ್ನಲು ಹೋಗಿ ನಾಲಗೆ ತಪ್ಪಿ ಉಲ್ಟಾ ಹೇಳುತ್ತಾನೆ. ತಪ್ಪು ತೋರಿಸಿದರೆ ಒಪ್ಪುವ ಆಸಾಮಿಯಲ್ಲ: ಕಲ್ಲಿನಿಂದ ಮುಕ್ಕಳಿಸುವುದು ಹಲ್ಲು ಉಜ್ಜಲು, ಹೊಳೆಯನ್ನು ದಿಂಬು ಮಾಡುವುದು ಕಿವಿ ತೊಳೆಯಲು ಎಂದು ವಾದಿಸುತ್ತಾನೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಹೆಸರನ್ನು ತಾನಾಗಿ ಇಟ್ಟುಕೊಂಡ ಲೇಖಕ ಇವನು. 1911ರಲ್ಲಿ ಸರ್ಕಾರ ಕೊಟ್ಟ ಡಾಕ್ಟರೇಟನ್ನು ಬೇಡವೆಂದು ಹಿಂದಿರುಗಿಸಿದವನೂ ಇವನೇ.

ಇಸವಿಯ ಲೆಕ್ಕ ಸುಲಭ. ಜಪಾನಿನಲ್ಲಿ ವರ್ಷ ಎಣಿಸುವುದು ಚಕ್ರವರ್ತಿಯ ಆಳ್ವಿಕೆಯ ಹೆಸರಿನಲ್ಲಿ; ಸೋಸೆಕಿಯ ಕಾಲದವು ಮೇಯ್ಜಿ, ಆಮೇಲೆ ತೈಶೋ. ಮೇಯ್ಜಿ ವರ್ಷಕ್ಕೆ 1867 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ: ಮೇಯ್ಜಿ 38 ಎಂದರೆ 1905. ತೈಶೋ ವರ್ಷಕ್ಕೆ 1911 ಕೂಡಿಸಿ. ಸೋಸೆಕಿ ಹುಟ್ಟಿದ್ದೇ 1867ರ ಫೆಬ್ರವರಿಯಲ್ಲಿ, ಹಾಗಾಗಿ ಮೇಯ್ಜಿ ವರ್ಷದ ಅಂಕಿಯೇ ಅವನ ವಯಸ್ಸು. ಮೇಯ್ಜಿ 38ರ ಜನವರಿಯಲ್ಲಿ ಮೊದಲ ಕಾದಂಬರಿ ಶುರುವಾದಾಗ ಅವನಿಗೆ 38 ತುಂಬುವುದರಲ್ಲಿತ್ತು. ಹಳೆಯ ಜಪಾನೀ ಪದ್ಧತಿಯಲ್ಲಿ ಹುಟ್ಟಿದ ಕೂಡಲೇ ಒಂದು ವರ್ಷ ಎಣಿಸುತ್ತಿದ್ದರು. ಪಾತ್ರಗಳ ವಯಸ್ಸು ನಿಮ್ಮ ಲೆಕ್ಕಕ್ಕಿಂತ ಒಂದೆರಡು ವರ್ಷ ಹೆಚ್ಚು ಕಂಡರೆ ಗಾಬರಿಯಾಗಬೇಡಿ.

ಹಣವನ್ನು ಈಗಿನ ಯೆನ್‌ಗೆ ಪರಿವರ್ತಿಸಲು ಹೋದರೆ ದಾರಿ ತಪ್ಪುತ್ತೀರಿ. ಅವನ ಸಂಬಳದ ಜೊತೆಗೇ ಹೋಲಿಸಿ. 1895ರಲ್ಲಿ ಶಿಕೊಕು ದ್ವೀಪದ ಮತ್ಸುಯಾಮ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದಾಗ ತಿಂಗಳಿಗೆ 80 ಯೆನ್. ಇಂಗ್ಲೆಂಡಿನಲ್ಲಿ ಓದಲು ಸರ್ಕಾರ ಕೊಟ್ಟದ್ದು ವರ್ಷಕ್ಕೆ 1800. ಹಿಂದಿರುಗಿದ ಮೇಲೆ ಟೋಕಿಯೊ ವಿಶ್ವವಿದ್ಯಾಲಯದಿಂದ ವರ್ಷಕ್ಕೆ 800, ಫಸ್ಟ್ ಹೈಸ್ಕೂಲಿನಿಂದ 700, ಅಂದರೆ ಎರಡು ಕಡೆ ದುಡಿದು ತಿಂಗಳಿಗೆ 125. ಅಸಾಹಿ ಪತ್ರಿಕೆ ಕೊಟ್ಟದ್ದು ತಿಂಗಳಿಗೆ 200. ವಿಶ್ವವಿದ್ಯಾಲಯ ಬಿಟ್ಟು ಪತ್ರಿಕೆಗೆ ಹೋದದ್ದು ಆಗಿನವರಿಗೆ ಹುಚ್ಚಾಟವಾಗಿ ಕಂಡಿತ್ತು. ಲೆಕ್ಕ ಮುಂದಿಟ್ಟರೆ ಹಾಗೆ ಕಾಣುವುದಿಲ್ಲ.

ಈಗ ಎಲ್ಲಿಂದ ಶುರು ಮಾಡುವುದು? ಬಹಳ ಮಂದಿ ‘ವಾಗಹೈ ವಾ ನೆಕೊ ದೆ ಅರು’, ಅಂದರೆ ಬೆಕ್ಕಿನ ಕಾದಂಬರಿ, ಪ್ರಸಿದ್ಧವೆಂದು ಅಲ್ಲಿಂದ ಹೊರಟು ಮೂರನೇ ಅಧ್ಯಾಯದಲ್ಲಿ ಸಿಕ್ಕಿಬೀಳುತ್ತಾರೆ. ತಪ್ಪು ಓದುಗರದಲ್ಲ. 1905ರ ಜನವರಿಯಲ್ಲಿ ‘ಹೊತೊತೊಗಿಸು’ ಮಾಸಿಕದಲ್ಲಿ ಬಂದ ಮೊದಲ ಅಧ್ಯಾಯ ಅಷ್ಟಕ್ಕೇ ಮುಗಿಯುವ ಬರಹವಾಗಿತ್ತು. ಜನ ಮೆಚ್ಚಿದರು, ಅದು ಹನ್ನೊಂದು ಅಧ್ಯಾಯಕ್ಕೆ ಬೆಳೆಯಿತು. ಕತೆಯ ಎಳೆ ಹುಡುಕಿದರೆ ಸಿಗದು. ಇರುವುದು ಮೇಷ್ಟ್ರ ಮನೆಯ ಹರಟೆ. ಮೊದಲ ಅಧ್ಯಾಯ ಓದಿ ಮುಚ್ಚಿಡಿ. ಉಳಿದದ್ದನ್ನು ತಿಂಗಳಿಗೊಂದರಂತೆ ಓದಿದರೆ ಸಾಕು. ಇನ್ನೊಂದು ಮಾತು: ‘ವಾಗಹೈ’ ಎಂದರೆ ಬರೀ ‘ನಾನು’ ಅಲ್ಲ, ಗತ್ತಿನ ‘ನಾನು’. ಹೆಸರೂ ಇಲ್ಲದ ಬೀದಿಬೆಕ್ಕು ತನ್ನನ್ನು ‘ನಾವು’ ಎಂದು ಬಹುವಚನದಲ್ಲಿ ಕರೆದುಕೊಂಡಂತೆ ಮನಸ್ಸಿನಲ್ಲೇ ಓದಿಕೊಂಡರೆ ಅರ್ಧ ಹಾಸ್ಯ ವಾಪಸು ಬರುತ್ತದೆ.

ಶುರುವಿಗೆ ಒಳ್ಳೆಯದು ‘ಬೊಚ್ಚಾನ್’ (1906). ಎರಡು ಸಂಜೆಯ ಓದು. ಟೋಕಿಯೊದ ಮುಂಗೋಪಿ ಹುಡುಗ ಶಿಕೊಕು ದ್ವೀಪದ ಶಾಲೆಗೆ ಗಣಿತದ ಮೇಷ್ಟ್ರಾಗಿ ಹೋಗುತ್ತಾನೆ, ತಿಂಗಳಿಗೆ 40 ಯೆನ್. ಟೆಂಪುರಾ ಸೋಬಾ ಎಂಬ ಶಾವಿಗೆಯನ್ನು ನಾಲ್ಕು ಬಟ್ಟಲು ತಿಂದ ಮಾರನೇ ದಿನ ಕರಿಹಲಗೆಯ ಮೇಲೆ ‘ಟೆಂಪುರಾ ಮೇಷ್ಟ್ರು’ ಎಂದು ಬರೆದಿರುತ್ತದೆ. ಇಲ್ಲಿ ಆಗುವ ತಪ್ಪು, ಇದನ್ನು ಆತ್ಮಕತೆ ಎಂದುಕೊಳ್ಳುವುದು. ಕಾದಂಬರಿಯ ಖಳನಾಯಕ ‘ಕೆಂಪಂಗಿ’ ಪದವೀಧರ, ನಯವಂಚಕ. 1914ರಲ್ಲಿ ಟೋಕಿಯೊದ ಗಕುಶುಯಿನ್ ವಿದ್ಯಾಸಂಸ್ಥೆಯಲ್ಲಿ ಮಾಡಿದ ಭಾಷಣದಲ್ಲಿ ಸೋಸೆಕಿ ತಾನೇ ಹೇಳಿದ್ದಾನೆ: ಮತ್ಸುಯಾಮದ ಶಾಲೆಯಲ್ಲಿ ಸಾಹಿತ್ಯ ಪದವಿ ಇದ್ದವನು ನಾನೊಬ್ಬನೇ, ಪಾತ್ರಗಳಿಗೆಲ್ಲ ಅಸಲಿ ಮನುಷ್ಯರನ್ನು ಹುಡುಕಿದರೆ ಕೆಂಪಂಗಿ ನಾನೇ ಆಗಬೇಕಾಗುತ್ತದೆ.

ಆಮೇಲೆ ‘ಸಾನ್‌ಶಿರೊ’ (1908). ಹಳ್ಳಿ ಹುಡುಗ ರೈಲಿನಲ್ಲಿ ಟೋಕಿಯೊಗೆ ಬರುವಾಗ, ಪೀಚ್ ಹಣ್ಣು ತಿನ್ನುತ್ತ ಕೂತ ಮೀಸೆಯವನಿಗೆ ‘ಜಪಾನ್ ಇನ್ನು ಮುಂದೆ ಬೆಳೆಯುತ್ತದಲ್ಲ’ ಎನ್ನುತ್ತಾನೆ. ‘ನಾಶವಾಗುತ್ತದೆ’ ಎಂದು ಅವನು ತಣ್ಣಗೆ ಹೇಳುತ್ತಾನೆ. ರಷ್ಯಾವನ್ನು ಗೆದ್ದು ದೇಶ ಬೀಗುತ್ತಿದ್ದ ಕಾಲದಲ್ಲಿ ದಿನಪತ್ರಿಕೆಯಲ್ಲಿ ಅಚ್ಚಾದ ಸಾಲು ಇದು ಎಂಬುದನ್ನು ಮರೆಯದೆ ಓದಿ. ‘ಸಾನ್‌ಶಿರೊ’, ‘ಸೊರೆಕರ’, ‘ಮೋನ್’ ಮೂರನ್ನೂ ತ್ರಿವಳಿ ಎನ್ನುತ್ತಾರೆ. ಪಾತ್ರಗಳು ಮುಂದುವರಿಯುವುದಿಲ್ಲ, ವಯಸ್ಸು ಮುಂದುವರಿಯುತ್ತದೆ: ವಿದ್ಯಾರ್ಥಿ, ಕೆಲಸವಿಲ್ಲದ ಮೂವತ್ತರವನು, ಸಂಸಾರಸ್ಥ. ಪಾತ್ರಗಳ ಪಟ್ಟಿ ಮಾಡಿ ಕೊಂಡಿ ಹುಡುಕುತ್ತ ಕೂರಬೇಡಿ.

‘ಕೊಕೊರೊ’ಗೆ ಬರುವ ಮುಂಚೆ ವಿದ್ವಾಂಸ ಸೋಸೆಕಿಯನ್ನು ಒಮ್ಮೆ ಮಾತಾಡಿಸಿಕೊಂಡು ಬನ್ನಿ. ‘ಬುಂಗಕುರೊನ್’ ಅಂದರೆ ‘ಸಾಹಿತ್ಯ ಸಿದ್ಧಾಂತ’. 1903ರಿಂದ 1905ರವರೆಗೆ ಟೋಕಿಯೊದಲ್ಲಿ ಕೊಟ್ಟ ಉಪನ್ಯಾಸಗಳು 1907ರಲ್ಲಿ ಪುಸ್ತಕವಾದವು. ಇಡೀ ಪುಸ್ತಕ ಓದುತ್ತೇನೆಂದು ಹೊರಟರೆ ಇಂಗ್ಲಿಷ್ ಕವಿತೆಗಳ ಉದ್ಧರಣೆಗಳ ಕಾಡಿನಲ್ಲಿ ಕಳೆದುಹೋಗುತ್ತೀರಿ. ಮುನ್ನುಡಿ ಮತ್ತು ಮೊದಲ ಭಾಗದ ಮೊದಲ ಅಧ್ಯಾಯ ಸಾಕು. ಇಂಗ್ಲಿಷಿನಲ್ಲಿ ಆಯ್ದ ಭಾಗಗಳ ಅನುವಾದ 2009ರಲ್ಲಿ ಬಂದಿದೆ. ಮುನ್ನುಡಿ ಅಸಾಧಾರಣ ಬರಹ. ಲಂಡನ್ನಿನ ಬಾಡಿಗೆ ಕೋಣೆಯಲ್ಲಿ ಸಾಹಿತ್ಯದ ಪುಸ್ತಕಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ಮುಚ್ಚಿದನಂತೆ, ಏಕೆಂದರೆ ಸಾಹಿತ್ಯ ಏನೆಂದು ತಿಳಿಯಲು ಸಾಹಿತ್ಯವನ್ನೇ ಓದುವುದು ರಕ್ತವನ್ನು ರಕ್ತದಿಂದ ತೊಳೆದಂತೆ. ಮನಶ್ಶಾಸ್ತ್ರ, ಸಮಾಜಶಾಸ್ತ್ರ ಓದಿ ನೊಣದ ತಲೆಯಷ್ಟು ಸಣ್ಣ ಅಕ್ಷರದಲ್ಲಿ ಮಾಡಿಕೊಂಡ ಟಿಪ್ಪಣಿ ಐದಾರು ಸುನ್ ಎತ್ತರಕ್ಕೆ, ಅಂದರೆ ಸುಮಾರು ಒಂದು ಗೇಣು, ಬೆಳೆಯಿತು.

ಆ ಗೇಣುದ್ದದ ಟಿಪ್ಪಣಿಯಿಂದ ಇಳಿದದ್ದು ಒಂದು ಸೂತ್ರ: ದೊಡ್ಡ ಎಫ್ ಕೂಡಿಸು ಸಣ್ಣ ಎಫ್. ದೊಡ್ಡದು ಮನಸ್ಸಿನ ಎದುರಿಗಿರುವ ಚಿತ್ರ ಅಥವಾ ವಿಚಾರ. ಸಣ್ಣದು ಅದಕ್ಕೆ ಅಂಟಿಕೊಂಡ ಭಾವ. ತ್ರಿಕೋನದ ಕಲ್ಪನೆಯಲ್ಲಿ ದೊಡ್ಡದು ಮಾತ್ರ ಇದೆ. ಹೂವು, ನಕ್ಷತ್ರದಲ್ಲಿ ಎರಡೂ ಇವೆ. ಕಾರಣವೇ ತಿಳಿಯದ ಭಯದಲ್ಲಿ ಸಣ್ಣದು ಮಾತ್ರ. ಸಾಹಿತ್ಯವಾಗಬೇಕಾದರೆ ಎರಡೂ ಬೇಕು.

ಈಗ ಪೆನ್ಸಿಲ್ ಹಿಡಿದು ‘ಕೊಕೊರೊ’ ತೆರೆಯಿರಿ. ಐದನೇ ಕಂತಿನಲ್ಲಿ ನಿರೂಪಕನಾದ ಯುವಕ, ತಾನು ‘ಸೆನ್ಸೆ’ (ಗುರುಗಳು) ಎಂದು ಕರೆಯುವ ಹಿರಿಯನನ್ನು ಹುಡುಕಿಕೊಂಡು ಟೋಕಿಯೊದ ಝೋಶಿಗಯ ಸ್ಮಶಾನಕ್ಕೆ ಹೋಗುತ್ತಾನೆ. ಸೆನ್ಸೆ ಬೆಚ್ಚಿ ‘ಹೇಗೆ... ಹೇಗೆ...’ ಎಂದು ಎರಡು ಸಲ ಅನ್ನುತ್ತಾನೆ. ಅಂಚಿನಲ್ಲಿ ‘ಭಾವ ಇದೆ, ಕಾರಣ ಇಲ್ಲ’ ಎಂದು ಗುರುತು ಹಾಕಿ. ಮೊದಲ ಭಾಗದ 36 ಕಂತುಗಳಲ್ಲಿ ಇಂಥ ಜಾಗ ಹತ್ತಾರು ಸಿಗುತ್ತವೆ. ಕಾರಣಗಳೆಲ್ಲ ಬರುವುದು ಮೂರನೇ ಭಾಗದಲ್ಲಿ, ಸೆನ್ಸೆ ನಿರೂಪಕನಿಗೆ ಬರೆದ ಪತ್ರದಲ್ಲಿ, 56 ಕಂತು. ನಡುವಿನ 18 ಕಂತು ಹಳ್ಳಿಯಲ್ಲಿ ಸಾಯುತ್ತಿರುವ ಅಪ್ಪನದು. ಅದನ್ನು ಹಾರಿಸಿದರೆ ಕಾದಂಬರಿ ಕುಸಿಯುತ್ತದೆ, ಏಕೆಂದರೆ ಪತ್ರ ಓದುವವನು ಯಾರನ್ನು ಬಿಟ್ಟು ರೈಲು ಹತ್ತಿದ್ದಾನೆ ಎಂಬುದು ಅಲ್ಲಿದೆ. ಜಪಾನಿನ ಶಾಲಾ ಪಠ್ಯಗಳು ಮೂರನೇ ಭಾಗದ ತುಣುಕನ್ನೇ ಹೆಚ್ಚಾಗಿ ಕೊಡುವುದರಿಂದ ಅಲ್ಲೂ ಬಹಳ ಮಂದಿಗೆ ಇದು ಬರೀ ಇಬ್ಬರು ಗೆಳೆಯರು, ಒಬ್ಬ ಹುಡುಗಿಯ ಕತೆ. ಓದಿ ಮುಗಿಸಿದ ಕೂಡಲೇ ಮೊದಲ ಕಂತಿಗೆ ವಾಪಸು ಹೋಗಿ. ಅಲ್ಲಿ ನಿರೂಪಕ, ದೂರದವರಿಗೆ ಬರೆದಂತೆ ಬರೀ ಇನಿಷಿಯಲ್ ಬಳಸಲು ನನಗೆ ಮನಸ್ಸಿಲ್ಲ ಎಂದಿರುತ್ತಾನೆ. ಸೆನ್ಸೆ ತನ್ನ ಪತ್ರದುದ್ದಕ್ಕೂ ಸತ್ತ ಗೆಳೆಯನನ್ನು ಕರೆದದ್ದು ‘ಕೆ’ ಎಂದು.

ಸೆನ್ಸೆಯ ಪತ್ರದ ಕೊನೆಯಲ್ಲಿ ಬರುವ ಎರಡು ಸಾವಿನ ತಾರೀಕು ಗೊತ್ತಿರಲಿ. ಮೇಯ್ಜಿ ಚಕ್ರವರ್ತಿ ತೀರಿಕೊಂಡದ್ದು 1912ರ ಜುಲೈ 30. ಅಂತ್ಯಕ್ರಿಯೆಯ ದಿನ, ಸೆಪ್ಟೆಂಬರ್ 13ರಂದು, ರಷ್ಯಾ ಯುದ್ಧದ ಸೇನಾನಿ ಜನರಲ್ ನೋಗಿ, ಹೆಂಡತಿಯೊಡನೆ ಆತ್ಮಹತ್ಯೆ ಮಾಡಿಕೊಂಡ. 1914ರಲ್ಲಿ ಈ ಕಂತುಗಳನ್ನು ಓದಿದವರಿಗೆ ಅದು ಎರಡು ವರ್ಷವೂ ತುಂಬದ ಸುದ್ದಿ.

ಜಪಾನೀ ಕಲಿಯುತ್ತಿರುವವರಿಗೆ ಮೂಲ ಪಠ್ಯಗಳು ಆಓಝೊರ ಬುಂಕೊ ಎಂಬ ಅಂತರ್ಜಾಲ ಗ್ರಂಥಾಲಯದಲ್ಲಿ ಉಚಿತ. ಹೊಸ ಅಕ್ಷರ, ಹೊಸ ಕಾಗುಣಿತದ ಆವೃತ್ತಿಯನ್ನೇ ಆರಿಸಿ. ಸೋಸೆಕಿ ಅಕ್ಷರಗಳನ್ನು ಮನಬಂದಂತೆ ಬಳಸುತ್ತಾನೆ. ಬೆಕ್ಕಿನ ಕಾದಂಬರಿಯಲ್ಲಿ ಸಾನ್‌ಮಾ ಮೀನಿಗೆ ‘ಮೂರು ಕುದುರೆ’ ಎಂಬ ಅಕ್ಷರಗಳಿವೆ. ನಿಘಂಟಿನಲ್ಲಿ ಸಿಗದಿದ್ದರೆ ಗಟ್ಟಿಯಾಗಿ ಉಚ್ಚರಿಸಿ ನೋಡಿ, ಅರ್ಥ ಕಿವಿಗೆ ಸಿಗುತ್ತದೆ.

ಟೋಕಿಯೊಗೆ ಹೋಗುವವರು ವಸೆದ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಅವನು ಕೊನೆಯವರೆಗೆ ಇದ್ದ ಮನೆಯ ಜಾಗದಲ್ಲಿ 2017ರಲ್ಲಿ ತೆರೆದ ಸ್ಮಾರಕ ಸಂಗ್ರಹಾಲಯವಿದೆ. ಸಮಾಧಿ ಇರುವುದು ಝೋಶಿಗಯದಲ್ಲೇ. ಅವನು ಅಂಚಿನಲ್ಲಿ ಗೀಚಿದ ಪುಸ್ತಕಗಳು ಮಾತ್ರ ಸೆಂದೈನಲ್ಲಿ, ತೊಹೊಕು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ.

ಮುಗಿಯದೆ ಉಳಿದ ಕೊನೆಯ ಕಾದಂಬರಿ ‘ಮೆಯಾನ್’ ಅನ್ನು ಕೊನೆಗೆ ಇಟ್ಟುಕೊಳ್ಳಿ. ಅತಿ ಉದ್ದದ್ದು, ಅತಿ ನಿಧಾನದ್ದು, ನನ್ನ ಮಟ್ಟಿಗೆ ಅತಿ ಚೂಪಾದದ್ದು. ಹೊಟ್ಟೆಯ ಹುಣ್ಣಿನಿಂದ ಅವನು 1916ರ ಡಿಸೆಂಬರ್ 9ರಂದು ತೀರಿಕೊಂಡ ಮೇಲೂ ಬರೆದಿಟ್ಟ ಕಂತುಗಳು ಕೆಲ ದಿನ ಅಚ್ಚಾಗುತ್ತಲೇ ಇದ್ದವು. 188ನೆಯದರಲ್ಲಿ, ನಾಯಕ ತ್ಸುದನ ಹಳೆಯ ಪ್ರೇಯಸಿ ಕಿಯೊಕೊ ಮುಗುಳ್ನಗುತ್ತಾಳೆ; ಆ ನಗುವಿನ ಅರ್ಥವನ್ನು ತನಗೆ ತಾನೇ ಬಿಡಿಸಿ ಹೇಳಿಕೊಳ್ಳುತ್ತ ತ್ಸುದ ತನ್ನ ಕೋಣೆಗೆ ಹೋಗುತ್ತಾನೆ. ಸೋಸೆಕಿಯ ಮೇಜಿನ ಮೇಲಿದ್ದ ಮುಂದಿನ ಹಾಳೆಯಲ್ಲಿ 189 ಎಂಬ ಅಂಕಿಯಷ್ಟೇ ಇತ್ತು.