ವಾಕಿಂಗ್ ಒಂದೇ ಸಾಲದು: ಅರವತ್ತು ದಾಟಿದವರಿಗೆ ಒಂದು ಕುರ್ಚಿಯ ವ್ಯಾಯಾಮ

ನಮ್ಮ ಅಪ್ಪನಿಗೆ 68. ಶುಗರ್ ಇಲ್ಲ, ಬಿಪಿ ಇಲ್ಲ, ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ಐದು ಸುತ್ತು. ಆದರೂ ಹೋದ ವರ್ಷ ನೆಂಟರ ಗೃಹಪ್ರವೇಶದಲ್ಲಿ ನೆಲದ ಪಂಕ್ತಿಗೆ ಕೂತವರು, ಊಟ ಮುಗಿದ ಮೇಲೆ ಪಕ್ಕದ ಹುಡುಗನ ಕೈ ಹಿಡಿದೇ ಎದ್ದರು. ಅಷ್ಟು ನಡೆಯುವವರಿಗೆ ಹೀಗ್ಯಾಕೆ ಅಂದರೆ, ಏಳುವುದು ತೊಡೆ ಮತ್ತು ಸೊಂಟದ ಕೆಲಸ, ಸಮತಟ್ಟು ದಾರಿಯಲ್ಲಿ ನಡೆದರೆ ಅವಕ್ಕೆ ಅಷ್ಟು ಭಾರ ಬೀಳುವುದೇ ಇಲ್ಲ.

ಮೊದಲು ನಿಮ್ಮ ಲೆಕ್ಕ ನೋಡಿಕೊಳ್ಳಿ. ಕೈ ಇಲ್ಲದ, ಸುಮಾರು 17 ಇಂಚು ಎತ್ತರದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಣಿಸಿ. 65ರಿಂದ 69ರ ಗಂಡಸರಿಗೆ 12, ಹೆಂಗಸರಿಗೆ 11ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಸಾಲದು ಅಂತ ಲೆಕ್ಕ. ಕೈ ಊರಿದರೆ ಸೊನ್ನೆ! ಅಪ್ಪನಿಗೆ ಬಂದಿದ್ದು 9.

ಪರೀಕ್ಷೆಯೇ ವ್ಯಾಯಾಮ ಕೂಡ, ಆದರೆ ಈಗ ಅವಸರ ಬೇಡ. ಕುರ್ಚಿಯ ಅಂಚಿಗೆ ಬನ್ನಿ, ಪಾದ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಉಸಿರು ಬಿಡುತ್ತಾ ಏಳಿ. ಎಲ್ಲರೂ ತಪ್ಪುವುದು ಕೂರುವಾಗ. ಧೊಪ್ಪನೆ ಕೂತರೆ ಅರ್ಧ ಲಾಭ ಹೋಯಿತು, ಒಂದು ಎರಡು ಮೂರು ಎಣಿಸುತ್ತಾ ಇಳಿಯಿರಿ. ಹೀಗೆ 8ರಿಂದ 10 ಸಲ, ಒಂದೆರಡು ನಿಮಿಷ ಸುಧಾರಿಸಿಕೊಂಡು ಮತ್ತೊಂದು ಸುತ್ತು. ವಾರಕ್ಕೆ ಎರಡು ಮೂರು ದಿನ ಸಾಕು, ನಡುವೆ ಒಂದು ದಿನ ಬಿಡುವು ಇರಲಿ.

ಏಳಲು ಆಗದಿದ್ದರೆ ಕುರ್ಚಿಯ ಮೇಲೆ ಜಮಖಾನ ಮಡಚಿ ಹಾಕಿ ಎತ್ತರ ಮಾಡಿಕೊಳ್ಳಿ, ವಾರ ಕಳೆದಂತೆ ಮಡಿಕೆ ಕಡಿಮೆ ಮಾಡಿ. ಸಲೀಸಾಗಿ ಆಗುತ್ತಿದ್ದರೆ ಎರಡು ಲೀಟರ್ ನೀರಿನ ಬಾಟಲಿಯನ್ನು ಎದೆಗೆ ಅಪ್ಪಿಕೊಳ್ಳಿ. ಕೊನೆಯ ಎರಡು ಸಲ ಕಷ್ಟ ಅನ್ನಿಸಲೇಬೇಕು, ಇಲ್ಲದಿದ್ದರೆ ಅದು ಸುಮ್ನೆ ಕೈಕಾಲು ಆಡಿಸಿದ ಹಾಗೆ.

ಇನ್ನು ಹಾಲು ಕಾಯುವಾಗ ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ. ಆಮೇಲೆ ಅಲ್ಲೇ ಒಂಟಿ ಕಾಲಲ್ಲಿ ಹತ್ತು ಸೆಕೆಂಡು ನಿಲ್ಲಿ. ಬೀಳದಿರಲು ಇದು ಬಹಳ ಮುಖ್ಯ.

"ಈ ವಯಸ್ಸಲ್ಲಿ ಇದೆಲ್ಲ ಯಾಕಪ್ಪ" ಅಂತ ನಮ್ಮ ಮನೆಯಲ್ಲೂ ಕೇಳಿದರು. 1990ರಲ್ಲಿ ಪ್ರಕಟವಾದ ಬಾಸ್ಟನ್ನಿನ ಒಂದು ಅಧ್ಯಯನದಲ್ಲಿ, ಆರೈಕೆ ಕೇಂದ್ರದಲ್ಲಿದ್ದ ತೊಂಬತ್ತರ ಆಸುಪಾಸಿನವರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಬಲ ಸರಾಸರಿ ಎರಡೂವರೆ ಪಟ್ಟಿಗೂ ಜಾಸ್ತಿಯಾಯಿತು. 68 ಯಾವ ಲೆಕ್ಕ, ಅಲ್ವಾ?

ಊಟದ ಕಡೆಯೂ ನೋಡಿ. ರಾತ್ರಿ ಬರೀ ಅನ್ನ ತಿಳಿಸಾರು ಉಂಡು ಮಲಗಿದರೆ ಮಾಂಸಖಂಡ ಬೆಳೆಯುವುದು ಹೇಗೆ? ಈ ವಯಸ್ಸಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಒಳ್ಳೆಯದು ಅನ್ನುತ್ತಾರೆ. ಒಂದು ಮೊಟ್ಟೆಯಲ್ಲಿ ಸಿಗುವುದು 6 ಗ್ರಾಂ ಅಷ್ಟೇ. ಹಾಗಾಗಿ ಹೆಸರುಕಾಳಿನ ಉಸ್ಲಿ, ಹುರುಳಿ, ಮೊಸರು ಎಲ್ಲಾ ಹೊತ್ತಿನಲ್ಲೂ ಸ್ವಲ್ಪ ಸ್ವಲ್ಪ ಇರಲಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಹೆಚ್ಚಿಸಬೇಡಿ.

ಮರುದಿನ ತೊಡೆ ಹಿಡಿದುಕೊಂಡಂತಾದರೆ ಗಾಬರಿ ಬೇಡ. ಮೊಣಕಾಲಿನ ಒಳಗೆ ಚುಚ್ಚಿದರೆ, ತಲೆ ಸುತ್ತಿದರೆ, ಎದೆ ಹಿಡಿದರೆ ಅಲ್ಲಿಗೇ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಸೀರೆ ಉಟ್ಟವರು ನೆರಿಗೆ ಎತ್ತಿ ಸಿಕ್ಕಿಸಿಕೊಳ್ಳಿ.

ಕುರ್ಚಿ ಸುಲಭವಾದ ಮೇಲೆ ನೆಲ. ಮಂಚದ ಪಕ್ಕ ಒಂದು ಮಂಡಿ ಊರಿ, ಇನ್ನೊಂದು ಪಾದ ಮುಂದಿಟ್ಟು, ಮಂಚ ಹಿಡಿದು ಏಳುವುದು. ಅಪ್ಪ ಈಗ ಇಲ್ಲಿದ್ದಾರೆ. ಕುರ್ಚಿಯಲ್ಲಿ 13 ಬರುತ್ತದೆ, ನೆಲದಿಂದ ಏಳಲು ಮಾತ್ರ ಇನ್ನೂ ಒಂದು ಕೈ ಮಂಚದ ಮೇಲೇ ಇದೆ.