ಅಮ್ಮನ ಹೆಸರಲ್ಲಿ ಶಾಲೆಗೆ ದತ್ತಿ ಇಡುವುದು ಹೇಗೆ?

ನಮ್ಮಮ್ಮ ಓದಿದ್ದು ನಾಲ್ಕನೇ ಕ್ಲಾಸು. ಆದರೂ ಮೂಡಿಗೆರೆ ಹತ್ತಿರದ ನಮ್ಮ ತೋಟದಲ್ಲಿ ಕಾಫಿ ಹಣ್ಣು ಕುಯ್ದವರ ಲೆಕ್ಕ ಬರೆಯುತ್ತಿದ್ದುದು ಅವರೇ. ಯಾರು ಎಷ್ಟು ಕೆಜಿ, ಎಷ್ಟು ಮುಂಗಡ, ಎಲ್ಲಾ ಒಂದು ನೋಟ್‌ಬುಕ್ಕಲ್ಲಿ. ಹಾಳೆಗಳ ಮೂಲೆಯಲ್ಲಿ ಹಣ್ಣಿನ ಅಂಟಿನ ಕಲೆ ಈಗಲೂ ಇದೆ.

ಅವರು ತೀರಿಕೊಂಡ ಮೇಲೆ ಒಂದು ಹೈಸ್ಕೂಲಿಗೆ ಗಣಿತದ ಬಹುಮಾನಕ್ಕೆಂದು 10,000 ರೂಪಾಯಿ ನಗದು ಕೊಟ್ಟೆ. ಎರಡು ವರ್ಷ ನಡೆಯಿತು. ಆಮೇಲೆ ದುಡ್ಡೂ ಮುಗಿಯಿತು, ಮುಖ್ಯ ಶಿಕ್ಷಕರಿಗೆ ವರ್ಗವೂ ಆಯಿತು. ಅಮ್ಮನ ಹೆಸರು ಅಲ್ಲಿ ಯಾರಿಗೂ ನೆನಪಿರಲಿಲ್ಲ. ಎಷ್ಟು ನೋವಾಯಿತು ಅಂದ್ರೆ, ಆ ರಸ್ತೆಯಲ್ಲಿ ಹೋಗುವುದನ್ನೇ ಬಿಟ್ಟಿದ್ದೆ.

ದಾರಿ ತೋರಿಸಿದ್ದು ಪ್ರೇಮ್‌ಚಂದ್ ರಾಯ್‌ಚಂದ್ ಅವರ ಕಥೆ. ಸೂರತ್ ಕಡೆಯವರು, ಮುಂಬೈಯಲ್ಲಿ ಷೇರು ದಲ್ಲಾಳಿ. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ಮುಂಬೈ ಹತ್ತಿಗೆ ಚಿನ್ನದ ಬೆಲೆ ಬಂತು. ಅವರು ದೊಡ್ಡ ಸಾಹುಕಾರರಾದರು. 1865ರಲ್ಲಿ ಯುದ್ಧ ಮುಗಿಯಿತು, ಪೇಟೆ ಕುಸಿಯಿತು, ಅವರೂ ಮುಳುಗಿದರು. ಆದರೆ ಮುಂಬೈ ವಿಶ್ವವಿದ್ಯಾಲಯಕ್ಕೆ ಆಗಲೇ ಕೊಟ್ಟಿದ್ದ ದುಡ್ಡು ಮುಳುಗಲಿಲ್ಲ. ಅದರಿಂದಲೇ ಅವರ ತಾಯಿಯ ಹೆಸರಿನ ರಾಜಾಬಾಯಿ ಗಡಿಯಾರ ಗೋಪುರ 1878ರಲ್ಲಿ ಎದ್ದು ನಿಂತಿತು. ಆ ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ, ಜೈನರಾದ್ದರಿಂದ ಹೊತ್ತು ಮುಳುಗುವ ಮುಂಚೆ ಊಟ ಮಾಡಬೇಕಿತ್ತು, ಗಂಟೆಯ ಸದ್ದೇ ಅವರಿಗೆ ಹೊತ್ತು ಹೇಳುತ್ತಿತ್ತು ಅಂತ ಮುಂಬೈಯವರು ಹೇಳುತ್ತಾರೆ. ಕಲ್ಕತ್ತಾ ವಿಶ್ವವಿದ್ಯಾಲಯಕ್ಕೂ 2 ಲಕ್ಷ ಕೊಟ್ಟರು. ಆ ಹಣದಿಂದ ಬಂದ ವಿದ್ಯಾರ್ಥಿವೇತನ ಪಡೆದವರಲ್ಲಿ ಇತಿಹಾಸಕಾರ ಜದುನಾಥ ಸರ್ಕಾರ್ ಒಬ್ಬರು.

ಆ ವಿದ್ಯಾರ್ಥಿವೇತನದ ಹಾಗೆ, ದತ್ತಿಯಲ್ಲಿ ಅಸಲು ಮುಟ್ಟಬಾರದು, ಬಡ್ಡಿ ಮಾತ್ರ ಖರ್ಚಾಗಬೇಕು. ನಾನು ತಪ್ಪಿದ್ದು ಇಲ್ಲೇ.

ಎರಡನೇ ಸಲ ಬೇರೆ ಶಾಲೆಯಲ್ಲಿ 1 ಲಕ್ಷ ಇಟ್ಟೆ. ಮೊದಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ವಿಷಯ ಇಟ್ಟು ನಡಾವಳಿ ಪುಸ್ತಕದಲ್ಲಿ ಬರೆಸಿ. ನಂತರ ಶಾಲೆಯ ಹೆಸರಲ್ಲೇ ಬ್ಯಾಂಕಲ್ಲಿ ಠೇವಣಿ ಮಾಡಿಸಿ. ಸಹಿ ಮುಖ್ಯ ಶಿಕ್ಷಕರದು ಮತ್ತು ಎಸ್‌ಡಿಎಂಸಿ ಅಧ್ಯಕ್ಷರದು, ಜಂಟಿಯಾಗಿ. ಹುದ್ದೆಯ ಹೆಸರಲ್ಲಿರಲಿ, ವ್ಯಕ್ತಿಯ ಹೆಸರಲ್ಲಿ ಬೇಡ. ವರ್ಗವಾದರೆ ಹೊಸಬರ ಸಹಿ ಬದಲಿಸಿದರೆ ಸಾಕು. ಬಡ್ಡಿ ಮಾತ್ರ ವರ್ಷಕ್ಕೊಮ್ಮೆ ಶಾಲೆಯ ಖಾತೆಗೆ ಬರುವಂತೆ, ಅಸಲು ತಾನಾಗಿ ನವೀಕರಣ ಆಗುವಂತೆ ಬರೆದುಕೊಡಿ. ಬಡ್ಡಿ ಶೇ. 6 ಅಂದುಕೊಂಡರೆ ವರ್ಷಕ್ಕೆ 6,000. ಬಹುಮಾನವನ್ನು 5,000ಕ್ಕೆ ನಿಲ್ಲಿಸಿ. ಬಡ್ಡಿ ಇಳಿದ ವರ್ಷಕ್ಕೆ ಉಳಿದದ್ದು ಆಗುತ್ತದೆ.

ಷರತ್ತು ಒಂದೇ ಪುಟದಲ್ಲಿರಲಿ. ನಮ್ಮದು, ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಹೆಚ್ಚು ಅಂಕ ತೆಗೆದ ಹುಡುಗಿಗೆ. ಇಬ್ಬರು ಸಮ ಬಂದರೆ ಹಂಚುವುದು. ಇದನ್ನು ಬರೆಯದಿದ್ದರೆ ಜಗಳ ಗ್ಯಾರಂಟಿ. ಫಲಿತಾಂಶ ಬರುವಷ್ಟರಲ್ಲಿ ಮಕ್ಕಳು ಶಾಲೆ ಬಿಟ್ಟಿರುತ್ತಾರೆ ಅಲ್ವಾ? ಅದಕ್ಕೆ ಆಗಸ್ಟ್ 15ರಂದು ಮನೆಯವರ ಜೊತೆ ಕರೆಸಿ ಕೊಡುತ್ತೇವೆ.

ಠೇವಣಿ ರಸೀದಿಯ ಜೆರಾಕ್ಸ್ ಅಮ್ಮನ ಆ ನೋಟ್‌ಬುಕ್ಕಿನೊಳಗೇ ಇಟ್ಟಿದ್ದೇನೆ. ಅವಧಿ ಮುಗಿಯುವ ತಾರೀಖು ಮಗಳ ಮೊಬೈಲಲ್ಲೂ ಇದೆ.