ಹಿಮದ ಘಾಟಿ ಹತ್ತಲು ಪಿಕಪ್ ಸಜ್ಜುಗೊಳಿಸುವುದು ಹೇಗೆ?

ಚಳಿಗಾಲದಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಕಡೆಯ ಕನ್ನಡಿಗರೂ ಪರ್ವತದ ಮೇಲಿನ ಸರೋವರವಾದ ಲೇಕ್ ಟಾಹೊ ಕಡೆಗೆ ಹೊರಡುತ್ತಾರೆ. ದಾರಿಯಲ್ಲಿ ಐ-80 ಹೆದ್ದಾರಿ ಸಿಯೆರಾ ನೆವಾಡ ಪರ್ವತವನ್ನು ಡಾನರ್ ಘಾಟಿಯ ಬಳಿ 7,200 ಅಡಿಗೂ ಮೇಲೆ ದಾಟುತ್ತದೆ. ಹಿಂದಿನ ಎರಡೇ ಚಕ್ರಗಳಿಗೆ ಎಂಜಿನ್ ಬಲವಿರುವ ಪಿಕಪ್ ಅಲ್ಲಿಗೆ ಒಗ್ಗುವುದಿಲ್ಲ ಎನ್ನುವವರು ಬಹಳ ಮಂದಿ. ನಾನು ಒಪ್ಪುವುದಿಲ್ಲ. ನಾಲ್ಕೂ ಚಕ್ರಕ್ಕೆ ಬಲವಿದ್ದರೆ ಗಾಡಿ ಸಲೀಸಾಗಿ ಹೊರಡುತ್ತದೆ, ನಿಜ. ಆದರೆ ಮಂಜುಗಡ್ಡೆಯ ಮೇಲೆ ಅದನ್ನು ನಿಲ್ಲಿಸುವುದು ಟೈರಿನ ಹಿಡಿತ.

ಆದ್ದರಿಂದ ಹಣವನ್ನು ಮೊದಲು ಟೈರಿಗೆ ಹಾಕಿ. ನಾಲ್ಕೂ ಹಿಮದ ಟೈರ್‌ಗಳೇ ಆಗಿರಲಿ. ಪಕ್ಕದಲ್ಲಿ ಮೂರು ಶಿಖರ ಮತ್ತು ಹಿಮದ ಹರಳಿನ ಗುರುತು ಇದೆಯೇ ನೋಡಿ. ಹಿಂದಿನ ಎರಡಕ್ಕೆ ಮಾತ್ರ ಹಾಕಿಸಿದರೆ ಗಾಡಿ ಮುಂದೆ ಹೋಗುತ್ತದೆ, ತಿರುವಿನಲ್ಲಿ ಮಾತ್ರ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಉಷ್ಣಾಂಶ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಗಾಳಿಯ ಒತ್ತಡ ಸುಮಾರು 1 ಪಿಎಸ್‌ಐ ತಗ್ಗುತ್ತದೆ. ಮೇಲೆ ತಂಗಿದ ಮರುದಿನ ಬೆಳಿಗ್ಗೆ, ಗಾಡಿ ಚಾಲೂ ಮಾಡುವ ಮೊದಲು ಇನ್ನೊಮ್ಮೆ ಅಳೆಯಿರಿ.

ಮುಂದಿನದು ತೂಕ. ಖಾಲಿ ಪಿಕಪ್‌ನ ಹೆಚ್ಚಿನ ಭಾರ ಎಂಜಿನ್ ಇರುವ ಮುಂಭಾಗದಲ್ಲಿ. ದೂಡಬೇಕಾದ ಹಿಂದಿನ ಚಕ್ರಗಳ ಮೇಲೆ ಒತ್ತಡವೇ ಸಾಲದು. 60 ಪೌಂಡ್‌ನ ನಾಲ್ಕು ಮರಳಿನ ಚೀಲ ತನ್ನಿ. ಅವನ್ನು ಹಿಂದಿನ ಆಕ್ಸಲ್‌ನ (ಚಕ್ರಗಳ ಅಚ್ಚಿನ) ನೇರ ಮೇಲೆ ಅಥವಾ ತುಸು ಮುಂದಕ್ಕೆ ಇಟ್ಟು ಬಿಗಿಯಾಗಿ ಕಟ್ಟಿ. ಹಿಂಬಾಗಿಲಿನ ಪಕ್ಕಕ್ಕೆ ತಳ್ಳಿದರೆ ಮುಂಭಾಗ ಹಗುರವಾಗಿ ಸ್ಟೀರಿಂಗ್ ಹಿಡಿತ ತಪ್ಪುತ್ತದೆ. ಕಟ್ಟದೆ ಬಿಟ್ಟ ಚೀಲ ಬ್ರೇಕ್ ಒತ್ತಿದಾಗ ಕ್ಯಾಬಿನ್‌ಗೆ ಬಡಿಯುತ್ತದೆ. ಚಕ್ರ ಹೂತರೆ ಅದೇ ಮರಳನ್ನು ಅಡಿಗೆ ಸುರಿಯಬಹುದು. ಕಲ್ಲು, ಕಬ್ಬಿಣಕ್ಕಿಂತ ಮರಳೇ ಮೇಲು ಎನ್ನುವುದು ಇದಕ್ಕೇ.

ಚೈನ್, ಅಂದರೆ ಹಿಡಿತಕ್ಕಾಗಿ ಟೈರಿಗೆ ತೊಡಿಸುವ ಸರಪಳಿ, ಇಲ್ಲದೆ ಹೊರಡಲೇಬೇಡಿ. ಕ್ಯಾಲಿಫೋರ್ನಿಯದ ರಸ್ತೆಗಳಲ್ಲಿ ಮೂರು ಹಂತದ ನಿಯಮವಿದೆ. ಆರ್1 ಫಲಕ ಕಂಡಾಗ, ಒಟ್ಟು ತೂಕ 6,000 ಪೌಂಡ್ ಮೀರದ ಗಾಡಿಯ ಎಂಜಿನ್ ಬಲವಿರುವ ಚಕ್ರಗಳಲ್ಲಿ ಹಿಮದ ಟೈರ್ ಇದ್ದರೆ ಚೈನ್ ಜೊತೆಗಿದ್ದರೆ ಸಾಕು, ತೊಡಿಸಬೇಕಿಲ್ಲ. ದೊಡ್ಡ ಪಿಕಪ್‌ಗಳು ಈ ಮಿತಿಯನ್ನು ಮೀರುವುದುಂಟು. ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಒಟ್ಟು ತೂಕ ನೋಡಿಕೊಳ್ಳಿ. ಆರ್2 ಬಂದರೆ ಎರಡೇ ಚಕ್ರಕ್ಕೆ ಬಲವಿರುವ ಗಾಡಿಗೆ ವಿನಾಯಿತಿಯೇ ಇಲ್ಲ. ಆರ್3 ಎಂದರೆ ಎಲ್ಲ ವಾಹನಕ್ಕೂ ಚೈನ್. ಅಷ್ಟು ಹೊತ್ತಿಗೆ ಹೆದ್ದಾರಿಯನ್ನೇ ಮುಚ್ಚಿರುವುದು ಹೆಚ್ಚು.

ಚೈನ್ ತೊಡಿಸುವುದನ್ನು ಮನೆಯ ಮುಂದೆಯೇ ಕೈಗವಸು ಹಾಕಿಕೊಂಡು ಕಲಿಯಿರಿ. ಗಂಟಿಲ್ಲದಂತೆ ನೆಲದ ಮೇಲೆ ಹರಡಿ, ಕೊಕ್ಕೆಗಳ ಬಾಯಿ ಟೈರಿಗೆ ಉಜ್ಜದಂತೆ ಹೊರಮುಖವಾಗಿಸಿ, ಹಿಂದಿನ ಚಕ್ರದ ಮೇಲೆ ಹೊದಿಸಿ. ಗಾಡಿಯನ್ನು ತುಸು ಮುಂದಕ್ಕೆ ಸರಿಸಿ ಮೊದಲು ಒಳಬದಿಯ ಕೊಕ್ಕೆ, ಆಮೇಲೆ ಹೊರಬದಿಯದು ಸಿಕ್ಕಿಸಿ. ಸ್ವಲ್ಪ ದೂರ ಓಡಿಸಿದಾಗ ಚೈನ್ ಸಡಿಲವಾಗುತ್ತದೆ; ಇಳಿದು ಮತ್ತೆ ಬಿಗಿ ಮಾಡಿ. ಬಹಳ ಮಂದಿ ಈ ಎರಡನೇ ಬಿಗಿತವನ್ನು ಬಿಟ್ಟುಬಿಡುತ್ತಾರೆ. ಕಳಚಿದ ಸರಪಳಿ ಬ್ರೇಕ್ ಪೈಪನ್ನು ಸೀಳುತ್ತದೆ. ವೇಗ 30 ಮೈಲಿ ದಾಟದಿರಲಿ. ಹಿಮವಿಲ್ಲದ ರಸ್ತೆ ಸಿಕ್ಕ ಕೂಡಲೇ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಬಿಚ್ಚಿ.

ಎಂಜಿನ್ ತಂಪಾಗಿಸುವ ಕೂಲೆಂಟ್ ಅರ್ಧ ನೀರು, ಅರ್ಧ ಹೆಪ್ಪುಗಟ್ಟದಂತೆ ತಡೆಯುವ ಆ್ಯಂಟಿಫ್ರೀಜ್ ಇರಲಿ. ಗಾಜು ತೊಳೆಯಲು ಬರಿ ನೀರು ಹಾಕಿದ್ದರೆ ಅದು ಹೆಪ್ಪುಗಟ್ಟುತ್ತದೆ. ಚಳಿಗಾಲದ ದ್ರವ ತುಂಬಿಸಿ. ಹಳೆಯ ಬ್ಯಾಟರಿಯನ್ನು ಪರೀಕ್ಷಿಸಿಕೊಳ್ಳಿ. ಸಲಿಕೆ, ತಲೆಗೆ ಕಟ್ಟುವ ದೀಪ, ಕಂಬಳಿ, ಕುಡಿಯುವ ನೀರು, ಮಂಡಿಯೂರಲು ಚಾಪೆ ಜೊತೆಗಿರಲಿ. ಇಂಧನ ಅರ್ಧ ಟ್ಯಾಂಕಿಗಿಂತ ಕೆಳಗಿಳಿಯದಿರಲಿ.

ಓಡಿಸುವಾಗ ವೇಗವನ್ನು ತಾನೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಬೇಡ. ಇಳಿಜಾರಿನಲ್ಲಿ ಥಟ್ಟನೆ ಕೆಳಗಿನ ಗೇರಿಗೆ ಬಂದರೆ ಹಿಂದಿನ ಚಕ್ರ ಜಾರಿ ಗಾಡಿಯ ಬಾಲ ಪಕ್ಕಕ್ಕೆ ತಿರುಗುತ್ತದೆ. ಇಳಿಜಾರು ಶುರುವಾಗುವ ಮುನ್ನವೇ ಗೇರ್ ಇಳಿಸಿ. ಹಿಮದಲ್ಲಿ ಸಿಕ್ಕಿಬಿದ್ದು ಬೆಚ್ಚಗಿರಲು ಎಂಜಿನ್ ಚಾಲೂ ಮಾಡುವುದಾದರೆ, ಅದಕ್ಕೂ ಮೊದಲು ಕೆಳಗಿಳಿದು ಸೈಲೆನ್ಸರ್ ಬಾಯಿಯ ಸುತ್ತಲಿನ ಹಿಮ ತೆಗೆಯಿರಿ. ಅದು ಮುಚ್ಚಿಕೊಂಡರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಒಳಗೆ ನುಗ್ಗಿ ಜೀವ ತೆಗೆಯುತ್ತದೆ. ಎಂಜಿನ್ ಅನ್ನು ಆಗಾಗ ಸ್ವಲ್ಪ ಹೊತ್ತು ಮಾತ್ರ ಓಡಿಸಿ, ಗಾಳಿ ಬೀಸದ ಕಡೆಯ ಕಿಟಕಿ ಒಂದಿಷ್ಟು ತೆರೆದಿರಲಿ, ಹಿಮ ಸುರಿಯುತ್ತಲೇ ಇದ್ದರೆ ಪ್ರತಿ ಸಲವೂ ಇಳಿದು ಆ ಬಾಯಿ ನೋಡಿಯೇ ಚಾಲೂ ಮಾಡಿ.